ಎಂಟು ಡಿಸ್ಕಿಗೆ ಯಾವ ಕೇಸ್? ಮನೆ ಗ್ರೂಪಿನ ಚರ್ಚೆ

ಪುಟ್ಟ: 📷 ಜಾನ್ಸ್‌ಬೋ ಎನ್3 ಕೇಸ್. ಮುಂದಿನಿಂದ ಎಳೆದು ತೆಗೆಯೋ ಎಂಟು ಬೇ (ಡಿಸ್ಕ್ ಕೂರೋ ಗೂಡು), ಮಿನಿ ಐಟಿಎಕ್ಸ್ ಅನ್ನೋ ಪುಟ್ಟ ಅಳತೆಯ ಬೋರ್ಡ್, ಎಸ್‌ಎಫ್‌ಎಕ್ಸ್ ಅನ್ನೋ ಚಿಕ್ಕ ಪವರ್ ಸಪ್ಲೈ. ಎಲ್ಲರ ಫೋಟೋ, ವಿಡಿಯೋ ಇಡೋ ಸರ್ವರ್‌ಗೆ ಇದನ್ನೇ ಫೈನಲ್ ಮಾಡ್ತಿದೀನಿ. ಬೇಡ ಅನ್ನೋರು ಕಾರಣ ಹೇಳಿ.

ಚಿಕ್ಕಪ್ಪ: ಬೇಡ.

ಚಿಕ್ಕಪ್ಪ: ಬೇ ಎಂಟಿದೆ, ಪೋರ್ಟ್ ಎಲ್ಲಿಂದ ತರ್ತೀಯ? ಮಿನಿ ಐಟಿಎಕ್ಸ್‌ನಲ್ಲಿ ಸಾಮಾನ್ಯವಾಗಿ ಡಿಸ್ಕ್ ಜೋಡಿಸೋ ಸಾಟಾ ಪೋರ್ಟ್ ನಾಲ್ಕು, ಕಾರ್ಡ್ ಹಾಕೋ ಪಿಸಿಐಇ ಸ್ಲಾಟ್ ಒಂದೇ. ಅದಕ್ಕೆ ಎಚ್‌ಬಿಎ (ಜಾಸ್ತಿ ಡಿಸ್ಕ್ ಜೋಡಿಸೋ ಕಾರ್ಡ್) ಹಾಕಿಬಿಟ್ರೆ ನಾಳೆ 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡಿಗೆ ಜಾಗ ಇಲ್ಲ. ಡಿಫೈನ್ ಆರ್5 ಥರದ ಟವರ್ ತಗೋ. ಅದರಲ್ಲೂ ಎಂಟು ಡಿಸ್ಕ್ ಕೂರುತ್ತೆ, ದೊಡ್ಡ ಅಳತೆಯ ಎಟಿಎಕ್ಸ್ ಬೋರ್ಡೂ ಹಿಡಿಯುತ್ತೆ.

ಪುಟ್ಟ: ಎಂ.2 ಸ್ಲಾಟಿಗೆ (ಚಿಕ್ಕ ಎಸ್‌ಎಸ್‌ಡಿ ಕೂರೋ ಜಾಗ) ಎಎಸ್‌ಎಂ1166 ಚಿಪ್ಪಿನ ಕಾರ್ಡ್ ಹಾಕಿದ್ರೆ ಆರು ಪೋರ್ಟ್ ಸಿಗುತ್ತೆ ಚಿಕ್ಕಪ್ಪ. 4+6, ಸಾಕಾಗಿ ಮಿಗುತ್ತೆ. ಪಿಸಿಐಇ ಸ್ಲಾಟ್ ಖಾಲಿ ಉಳಿಯುತ್ತೆ.

ಅಕ್ಕ: ಬೋರ್ಡಿನ ಮ್ಯಾನ್ಯುಯಲ್ ನೋಡದೆ ಆ ಲೆಕ್ಕ ಹಾಕಬೇಡ ಪುಟ್ಟ. ಕೆಲವು ಬೋರ್ಡಲ್ಲಿ ಎಂ.2 ತುಂಬಿದ ಕೂಡಲೇ ಎರಡು ಸಾಟಾ ಪೋರ್ಟ್ ಬಂದ್ ಆಗುತ್ತೆ, ಎರಡೂ ಒಂದೇ ಲೇನ್ (ಡೇಟಾ ಹೋಗೋ ದಾರಿ) ಹಂಚಿಕೊಂಡಿರುತ್ತೆ. ಬರೀ ಸಾಟಾ ಎಸ್‌ಎಸ್‌ಡಿಗೆ ಅಂತ ಇರೋ ಎಂ.2 ಸ್ಲಾಟಲ್ಲಿ ಆ ಕಾರ್ಡ್ ಕೆಲಸ ಮಾಡೋದೇ ಇಲ್ಲ.

ಪುಟ್ಟ: ಸರಿ, ನೋಡ್ತೀನಿ. ಆದ್ರೆ ಪೋರ್ಟ್ ಸಮಸ್ಯೆ ಬೋರ್ಡಿನದು, ಕೇಸಿನದಲ್ಲ.

ಚಿಕ್ಕಪ್ಪ: ಆ ಬೋರ್ಡ್ ಬಿಟ್ಟು ಬೇರೇದು ಹಾಕೋಕೆ ಬಿಡದಿರೋದು ಕೇಸೇ ಅಲ್ವಾ? ಅದೂ ಹೋಗ್ಲಿ, ಗಾಳಿ ವಿಷಯಕ್ಕೆ ಬಾ. 3.5 ಇಂಚಿನ ಡಿಸ್ಕ್ ದಪ್ಪ 26.1 ಮಿಮೀ. ಬೇಯಿಂದ ಬೇಗೆ 30 ಮಿಮೀ ಇದ್ರೆ ಎರಡು ಡಿಸ್ಕ್ ನಡುವೆ ಉಳಿಯೋದು 4 ಮಿಮೀ ಒಳಗೆ, ಅದರಲ್ಲೂ ಗೂಡಿನ ಕಂಬಿ ಒಂದಷ್ಟು ತಿನ್ನುತ್ತೆ. ಹಿಂದೆ ಡಿಸ್ಕೆಲ್ಲ ಚುಚ್ಚಿಕೊಳ್ಳೋ ಬ್ಯಾಕ್‌ಪ್ಲೇನ್ ಬೋರ್ಡ್ ಅಡ್ಡ. ಅದರ ತೂತುಗಳಲ್ಲೇ ಫ್ಯಾನ್ ಗಾಳಿ ಎಳೀಬೇಕು. ಗಾಳಿ ಸಲೀಸಾದ ದಾರಿ ಹುಡುಕುತ್ತೆ, ಪಕ್ಕದ ಸಂದಿಯಿಂದ ನುಗ್ಗಿ ಡಿಸ್ಕ್ ಮುಟ್ಟದೆ ಆಚೆ ಹೋಗುತ್ತೆ.

ಪುಟ್ಟ: ಪಕ್ಕದ ಸಂದಿಗೆ ಫೋಮ್ ಪಟ್ಟಿ ಅಂಟಿಸಿ ಮುಚ್ಚಬಹುದು. ಸ್ಟ್ಯಾಟಿಕ್ ಪ್ರೆಶರ್ (ಅಡ್ಡ ಇದ್ರೂ ಗಾಳಿ ನುಗ್ಗಿಸೋ ಒತ್ತಡ) ಜಾಸ್ತಿ ಇರೋ ಫ್ಯಾನ್ ಹಾಕಿದ್ರೆ ಎಳೆಯುತ್ತೆ.

ಭಾವ: ಎಳೆಯುತ್ತೆ, ಜೊತೆಗೆ ಸದ್ದೂ ಮಾಡುತ್ತೆ. ಚಿಕ್ಕ ಫ್ಯಾನ್ ಅಷ್ಟೇ ಗಾಳಿ ತಳ್ಳಬೇಕು ಅಂದ್ರೆ ಜೋರಾಗಿ ತಿರುಗಬೇಕು. 140 ಮಿಮೀ ಫ್ಯಾನ್ ನಿಧಾನಕ್ಕೆ ತಿರುಗಿದ್ರೂ ಸಾಕು.

ಚಿಕ್ಕಪ್ಪ: 👍

ಅಕ್ಕ: ಯಾವ ಕೇಸ್ ಆದ್ರೂ ಇದೊಂದು ಮರೀಬೇಡಿ. ಬೋರ್ಡಿನ ಫ್ಯಾನ್ ಹೆಡರ್ (ಫ್ಯಾನ್ ವೈರ್ ಚುಚ್ಚೋ ಪಿನ್) ಸಾಮಾನ್ಯವಾಗಿ ಸಿಪಿಯು ಬಿಸಿ ನೋಡಿ ಫ್ಯಾನ್ ತಿರುಗಿಸುತ್ತೆ, ಡಿಸ್ಕ್ ಬಿಸಿ ಅದಕ್ಕೆ ಗೊತ್ತೇ ಆಗಲ್ಲ. ಝಡ್‌ಎಫ್‌ಎಸ್ (ಡಿಸ್ಕೆಲ್ಲ ಸೇರಿಸಿ ಡೇಟಾ ಇಡೋ ವ್ಯವಸ್ಥೆ) ಸ್ಕ್ರಬ್, ಅಂದ್ರೆ ಡೇಟಾ ಪೂರ್ತಿ ಓದಿ ಪರೀಕ್ಷಿಸೋದು, ಹಚ್ಚಿದಾಗ ಎಂಟೂ ಡಿಸ್ಕ್ ಗಂಟೆಗಟ್ಟಲೆ ಓದ್ತಾ ಇರುತ್ತೆ, ಸಿಪಿಯು ತಣ್ಣಗೆ ಕೂತಿರುತ್ತೆ, ಫ್ಯಾನ್ ಮಲಗಿರುತ್ತೆ. ಡಿಸ್ಕ್ 50 ಡಿಗ್ರಿ ದಾಟೋದು ಹೀಗೇ. ಬಯಾಸ್‌ನಲ್ಲಿ ಫ್ಯಾನ್ ಕನಿಷ್ಠ ವೇಗ ಏರಿಸಿಡು, ಇಲ್ಲಾ ಸ್ಮಾರ್ಟ್‌ಸಿಟಿಎಲ್ ಕಮಾಂಡ್‌ನಿಂದ ಡಿಸ್ಕ್ ತಾಪಮಾನ ಓದಿ ಫ್ಯಾನ್ ನಡೆಸೋ ಸ್ಕ್ರಿಪ್ಟ್ ಹಾಕು. 40ರ ಆಸುಪಾಸು ಇದ್ರೆ ನೆಮ್ಮದಿ, 45ಕ್ಕೆ ಅಲರ್ಟ್ ಬರಲಿ.

ಪುಟ್ಟ: ಒಪ್ಪಿದೆ ಅಕ್ಕ. ಆದ್ರೆ ಚಿಕ್ಕಪ್ಪ, ಡಿಸ್ಕ್ ಕೆಟ್ಟ ದಿನ ಯೋಚಿಸಿ. ಎನ್3ಯಲ್ಲಿ ಆ ಡಿಸ್ಕ್ ಎಳೆದು ಹೊಸದು ತಳ್ಳಿದ್ರೆ ಮುಗೀತು. ಟವರಲ್ಲಿ ಎರಡೂ ಪಕ್ಕದ ಬಾಗಿಲು ಬಿಚ್ಚಿ, ವೈರ್ ಗೊಂಚಲೊಳಗೆ ಕೈ ಹಾಕಬೇಕು. ಪಕ್ಕದ ಡಿಸ್ಕಿನ ಸಾಟಾ ಕನೆಕ್ಟರ್ ಕೊಂಚ ಅಲುಗಿದ್ರೆ ಅದೂ ಪೂಲಿಂದ (ಡಿಸ್ಕೆಲ್ಲ ಸೇರಿದ ಗುಂಪು) ಆಚೆ.

ಚಿಕ್ಕಪ್ಪ: ಸರ್ವರ್ ಆಫ್ ಮಾಡಿ ಬದಲಾಯಿಸು. ಮನೆ ಸರ್ವರ್ ಅರ್ಧ ಗಂಟೆ ನಿಂತ್ರೆ ಏನೂ ಆಗಲ್ಲ. ನಿಜವಾದ ಅಪಾಯ ಕೆಟ್ಟದ್ದು ಬಿಟ್ಟು ಚೆನ್ನಾಗಿರೋದನ್ನ ಎಳೆಯೋದು, ಅದು ಹಾಟ್‌ಸ್ವಾಪಲ್ಲೇ (ಸರ್ವರ್ ಆನ್ ಇರುವಾಗಲೇ ಡಿಸ್ಕ್ ಬದಲಾಯಿಸೋದು) ಇನ್ನೂ ಸುಲಭ. ಲಿನಕ್ಸ್ ಡಿಸ್ಕಿಗೆ ಕೊಡೋ ಎಸ್‌ಡಿಎ, ಎಸ್‌ಡಿಬಿ ಹೆಸರು ರೀಬೂಟ್ ಆದ್ರೆ ಅದಲು ಬದಲಾಗಬಹುದು. ಸೀರಿಯಲ್ ನಂಬರಿನ ಕೊನೆ ನಾಲ್ಕು ಅಕ್ಷರ ಲೇಬಲ್ ಮಾಡಿ, ಡಿಸ್ಕ್ ಕೂತ ಮೇಲೂ ಕಾಣೋ ಕಡೆ ಅಂಟಿಸು. ಪೂಲ್ ಕಟ್ಟುವಾಗ ಸೀರಿಯಲ್ ನಂಬರ್ ಇರೋ ಬೈ-ಐಡಿ ಹೆಸರೇ ಬಳಸು.

ಅಕ್ಕ: ಪವರ್ ಬಗ್ಗೆ ಯಾರೂ ಮಾತಾಡಿಲ್ಲ. ಒಂದು ಡಿಸ್ಕ್ ತಿರುಗೋಕೆ ಶುರು ಮಾಡುವಾಗ 12 ವೋಲ್ಟಲ್ಲಿ ಸುಮಾರು 2 ಆಂಪ್ ಎಳೆಯುತ್ತೆ. ಎಂಟೂ ಒಟ್ಟಿಗೆ ಎದ್ರೆ 16 ಆಂಪ್, 192 ವ್ಯಾಟ್. ತಿರುಗೋಕೆ ಹತ್ತಿದ ಮೇಲೆ ಒಂದಕ್ಕೆ 5ರಿಂದ 8 ವ್ಯಾಟ್ ಅಷ್ಟೇ. ಹಾಗಾಗಿ ಆ ಮೊದಲ ಕೆಲವು ಸೆಕೆಂಡ್ ನೋಡಿ ಪವರ್ ಸಪ್ಲೈ ಆರಿಸಬೇಕು. ಎಸ್‌ಎಫ್‌ಎಕ್ಸ್‌ನಲ್ಲಿ ಡಿಸ್ಕಿಗೆ ಪವರ್ ಕೊಡೋ ಸಾಟಾ, ಮೋಲೆಕ್ಸ್ ಕನೆಕ್ಟರ್ ಕಮ್ಮಿ. ಸಾಲದೆ ಬಂದು ಸ್ಪ್ಲಿಟರ್ ಮೇಲೆ ಸ್ಪ್ಲಿಟರ್ ಹಾಕ್ತಾರೆ.

ಅಕ್ಕ: ಪ್ಲಾಸ್ಟಿಕ್ ಕರಗಿಸಿ ಎರಕ ಹೊಯ್ದ ಮೋಲೆಕ್ಸ್-ಸಾಟಾ ಅಡಾಪ್ಟರ್ ಮಾತ್ರ ತರಲೇಬೇಡಿ. ಒಳಗೆ ವೈರ್ ಸರಿದು ಒಂದಕ್ಕೊಂದು ತಾಗಿ ಬೆಂಕಿ ಹತ್ತಬಹುದು. ಪಿನ್ ಬೇರೆ ಬೇರೆಯಾಗಿ ಕ್ರಿಂಪ್ ಮಾಡಿರೋದು (ವೈರಿಗೆ ಒತ್ತಿ ಹಿಡಿಸಿರೋದು) ತನ್ನಿ. ಬ್ಯಾಕ್‌ಪ್ಲೇನ್ ಆದ್ರೆ ಎರಡು ಬೇರೆ ಕೇಬಲ್‌ನಿಂದ ಕೊಡಿ, ಒಂದೇ ಕೇಬಲ್ ಸರಣಿಯಿಂದ ಬೇಡ.

ಭಾವ: ಕೇಸ್ ಇಡೋ ಶೆಲ್ಫ್ ಆಳ 45 ಸೆಂಮೀ. ಆರ್5 ಆಳ 521 ಮಿಮೀ, ಹಿಂದೆ ವೈರಿಗೂ ಗಾಳಿಗೂ ಜಾಗ ಬೇರೆ. ಅಲ್ಲಿ ಕೂರಲ್ಲ ಚಿಕ್ಕಪ್ಪ.

ಚಿಕ್ಕಪ್ಪ: ನೆಲದ ಮೇಲಿಡಿ.

ಭಾವ: ಧೂಳೆಲ್ಲಾ ಕೆಳಗಿನ ಫಿಲ್ಟರ್ ಎಳ್ಕೊಳುತ್ತೆ, ಮಕ್ಕಳ ಕಾಲೂ ತಾಗುತ್ತೆ. ತಿರುಗ್ತಿರೋ ಡಿಸ್ಕಿಗೆ ಪೆಟ್ಟು ಬೀಳೋದು ಬೇಡ. ನೋಡ್ 804 ಅನ್ನೋ ಕೇಸ್ ನೋಡಿ, ಮಿಮೀ ಲೆಕ್ಕದಲ್ಲಿ: 344 ಅಗಲ, 307 ಎತ್ತರ, 389 ಆಳ. ಮಿನಿ ಐಟಿಎಕ್ಸ್‌ಗಿಂತ ದೊಡ್ಡ ಮೈಕ್ರೋ ಎಟಿಎಕ್ಸ್ ಬೋರ್ಡ್, ಎಟಿಎಕ್ಸ್ ಪವರ್ ಸಪ್ಲೈ. ಬೋರ್ಡಿಗೊಂದು ಕೋಣೆ, ಡಿಸ್ಕಿಗೊಂದು ಕೋಣೆ, ಮೇಲಿಂದ ನೇತಾಡೋ ಎರಡು ಗೂಡಲ್ಲಿ ನಾಲ್ಕು ನಾಲ್ಕು ಡಿಸ್ಕ್. ಆ ಕೋಣೆಗೆ ಮುಂದೆ 120 ಮಿಮೀ ಎರಡು ಫ್ಯಾನ್ ಹಾಕಬಹುದು, ಬ್ಯಾಕ್‌ಪ್ಲೇನ್ ಅಡ್ಡ ಇಲ್ಲ.

ಪುಟ್ಟ: ಹಾಟ್‌ಸ್ವಾಪೂ ಇಲ್ಲ 😐

ಚಿಕ್ಕಪ್ಪ: ಪಿಸಿಐಇ ಸ್ಲಾಟ್ ಒಂದಕ್ಕಿಂತ ಜಾಸ್ತಿ ಸಿಗುತ್ತಲ್ಲ, ಅದು ದೊಡ್ಡದು. ಪವರ್ ಸಪ್ಲೈ ಡಿಸ್ಕ್ ಕೋಣೆಯಲ್ಲೇ ಕೆಳಗೆ ಕೂರುತ್ತೆ, ಮಾಡ್ಯುಲರ್ (ಕೇಬಲ್ ಬಿಚ್ಚಿಡಬಹುದಾದ್ದು) ತಗೋ. ಬೇಡದ ಕೇಬಲ್ ಅಲ್ಲಿ ತುರುಕಿದ್ರೆ ಗಾಳಿ ನಿಂತುಹೋಗುತ್ತೆ.

ಅಕ್ಕ: ಸ್ಕ್ರೂ ತೂತೂ ನೋಡು. ದೊಡ್ಡ ಸಾಮರ್ಥ್ಯದ ಹೊಸ ಡಿಸ್ಕ್‌ಗಳಲ್ಲಿ ನಡುವಿನ ತೂತು ಇರಲ್ಲ, ಹಳೇ ಅಳತೆಯ ಗೂಡಲ್ಲಿ ನಾಲ್ಕರ ಬದಲು ಎರಡೇ ಸ್ಕ್ರೂ ಹಿಡಿದು ನಡುಗ್ತಾ ಇರುತ್ತೆ. ಮತ್ತೆ ಎಕ್ಸ್‌ಟರ್ನಲ್ ಡಬ್ಬಿ ಒಡೆದು ತೆಗೆದ ಡಿಸ್ಕ್ ಹಾಕೋದಾದ್ರೆ, ಕೆಲವು ಸಾಟಾ ಪವರ್‌ನ ಮೂರನೇ ಪಿನ್‌ನಲ್ಲಿ 3.3 ವೋಲ್ಟ್ ಬಂದ್ರೆ ತಿರುಗೋದೇ ಇಲ್ಲ. ಡಿಸ್ಕ್ ಸತ್ತಿದೆ ಅಂತ ವಾಪಸ್ ಕಳಿಸ್ತಾರೆ ಜನ. ಆ ಪಿನ್‌ಗೆ ಕ್ಯಾಪ್ಟಾನ್ ಟೇಪ್ (ಕರೆಂಟ್ ತಡೆಯೋ ಟೇಪ್) ಹಚ್ಚಿದ್ರೆ ಏಳುತ್ತೆ.

ಪುಟ್ಟ: ಸರಿ, 804. ಆದ್ರೆ ಝಡ್‌ಎಫ್‌ಎಸ್‌ನ ರೇಡ್‌ಝಡ್2 ಜೋಡಣೆಗಿಂತ ಕಮ್ಮಿಗೆ ಒಪ್ಪಲ್ಲ. ಹಾಟ್‌ಸ್ವಾಪ್ ಇಲ್ಲದಿದ್ರೆ ಎರಡು ಡಿಸ್ಕ್ ಹೋದ್ರೂ ತಡ್ಕೊಳ್ಳೋ ಹಾಗಿರಲೇಬೇಕು.

ಚಿಕ್ಕಪ್ಪ: ಅದಕ್ಕೆ ನನ್ನ ತಕರಾರಿಲ್ಲ. ಎಚ್‌ಬಿಎಗೆ ಎಲ್‌ಎಸ್‌ಐ 9207-8ಐ ಕಾರ್ಡ್ ಹುಡುಕು, ಐಟಿ ಮೋಡ್ ಫರ್ಮ್‌ವೇರ್ (ಡಿಸ್ಕನ್ನ ಇದ್ದ ಹಾಗೇ ನೇರ ತೋರಿಸೋದು) ಇದೆಯಾ ಕೇಳಿ ತಗೋ. ಅದರ ಹೀಟ್‌ಸಿಂಕ್ ಸರ್ವರ್ ಕೇಸಿನ ಜೋರು ಗಾಳಿಗೆ ಅಂತ ಮಾಡಿರೋದು, ಮನೆ ಕೇಸಲ್ಲಿ ಕೈ ಸುಡುತ್ತೆ. ಮೇಲೆ 40 ಮಿಮೀ ಫ್ಯಾನ್ ಒಂದು ಕೂರಿಸು.

ಪುಟ್ಟ: ಬೋರ್ಡ್ ಪಟ್ಟಿ ರಾತ್ರಿ ಹಾಕ್ತೀನಿ. ಅಕ್ಕ, ಮ್ಯಾನ್ಯುಯಲ್‌ನಲ್ಲಿ ಎಂ.2 ಪುಟ ನೀನೇ ನೋಡಿಬಿಡು.

ಅಕ್ಕ: ಪಿಡಿಎಫ್ ಕಳಿಸು.