ಪದ ಬೇಕಾಗಿದೆ: ಮೈಕ್ ಪ್ರೀಆಂಪ್‌ನ ‘ಗೇನ್’ ನಾಬ್‌ಗೆ ಏನು ಬರೆಯೋಣ?

ಕಡಲತಡಿ:

ಎಲ್ಲರಿಗೂ ನಮಸ್ಕಾರ. ನಾಡಿದ್ದು ಸ್ಟಿಕರ್ ಅಂಗಡಿಗೆ ಫೈಲ್ ಕೊಡಬೇಕು. ಹಾಗಾಗಿ ಸ್ವಲ್ಪ ಅವಸರ.

ನಮ್ಮ ಊರಿನ ಹವ್ಯಾಸಿ ಯಕ್ಷಗಾನ ತಂಡಕ್ಕೆ ಮನೆಯಲ್ಲೇ ಒಂದು ಮೈಕ್ ಪ್ರೀಆಂಪ್ ಕಟ್ಟಿದ್ದೇನೆ, ಅಂದರೆ ಮೈಕಿನಿಂದ ಬರುವ ಪುಟ್ಟ ಸಿಗ್ನಲನ್ನು ಮೊದಲು ದೊಡ್ಡದು ಮಾಡುವ ಡಬ್ಬ. ಭಾಗವತರಿಗೊಂದು, ಮದ್ದಳೆಗೊಂದು, ಚಂಡೆಗೊಂದು, ರಂಗದ ಮೇಲೆ ತೂಗುಬಿಡಲು ಇನ್ನೊಂದು, ಹೀಗೆ ನಾಲ್ಕು ಮೈಕಿಗೆ. ಸಿಗ್ನಲ್ ದೊಡ್ಡದು ಮಾಡಲು ಮೊದಲು 4558 ಅನ್ನುವ ಐಸಿ (ಚಿಪ್) ಹಾಕಿದ್ದೆ. ಭಾಗವತರು ಪದ ನಿಲ್ಲಿಸಿದ ಕೂಡಲೇ ಸ್ಪೀಕರಿನಲ್ಲಿ ಸುಂಯ್ ಅಂತ ಕೇಳುತ್ತಿತ್ತು. ಈಗ ಅದನ್ನು ಕಿತ್ತು 5532 ಕೂರಿಸಿದ್ದೇನೆ. ಎರಡಕ್ಕೂ ಎಂಟು ಕಾಲು, ಜೋಡಣೆಯೂ ಒಂದೇ, ಸಾಕೆಟ್ ಬದಲಿಸಬೇಕಾಗಿಲ್ಲ. ಟ್ರಾನ್ಸ್‌ಫಾರ್ಮರನ್ನು ಬೇರೆ ಪೆಟ್ಟಿಗೆಗೆ ಹಾಕಿ ದೂರ ಇಟ್ಟ ಮೇಲೆ 50 ಹರ್ಟ್ಸ್‌ನ ಗುಂಯ್ ಸದ್ದೂ ಹೋಯಿತು. ಡಬ್ಬದ ಕೆಲಸ ಮುಗಿದಿದೆ. ಬಾಕಿ ಇರುವುದು ಅದರ ಮುಖ.

ಮುಖದ ಮೇಲಿನ ಬರಹ ಪೂರ್ತಿ ಕನ್ನಡದಲ್ಲಿ ಇರಬೇಕು ಅಂತ ತಂಡದವರ ಆಸೆ. ಬೇಕಾದ ಪದಗಳು ಇವು: ಗೇನ್, ವಾಲ್ಯೂಮ್, ಬೇಸ್, ಟ್ರೆಬಲ್, ಮತ್ತೆ ಕ್ಲಿಪ್ (ಸಿಗ್ನಲ್ ಮಿತಿ ಮೀರಿ ದನಿ ಕೆಡುವುದು) ಅಂತ ತೋರಿಸುವ ಕೆಂಪು ದೀಪ. ಒಂದೊಂದಕ್ಕೆ ಎರಡು ಸೆಂಟಿಮೀಟರ್ ಜಾಗ. ಮೂರು ಅಕ್ಷರ ಹಿಡಿಸುತ್ತೆ, ಕಷ್ಟಪಟ್ಟರೆ ನಾಲ್ಕು.

ತಲೆನೋವು ಇರುವುದು ಗೇನ್‌ದು. ಒಳಗೆ ಬಂದ ಸಿಗ್ನಲನ್ನು ಎಷ್ಟು ದೊಡ್ಡದು ಮಾಡಬೇಕು ಅನ್ನುವುದೇ ಗೇನ್. ಹುಡುಗರು ಗೇನ್ ಬೇರೆ, ವಾಲ್ಯೂಮ್ ಬೇರೆ ಅಂತ ನೋಡುವುದೇ ಇಲ್ಲ. ಎರಡನ್ನೂ ‘ಸೌಂಡ್ ಜಾಸ್ತಿ ಮಾಡೋದು’ ಅಂದುಕೊಂಡಿದ್ದಾರೆ. ಚಂಡೆ ಬಿದ್ದಾಗ ದನಿ ಒಡೆದರೆ ವಾಲ್ಯೂಮ್ ಇಳಿಸುತ್ತಾರೆ. ಅದರಿಂದ ಸಣ್ಣ ದನಿಯಲ್ಲಿ ಒಡೆಯುತ್ತದೆ, ಅಷ್ಟೇ. ಒಡೆದ ಹಾಲನ್ನು ಸಣ್ಣ ಲೋಟಕ್ಕೆ ಬಗ್ಗಿಸಿದ ಹಾಗೆ. ಹಾಗಾಗಿ ಈ ಎರಡು ಪದ ಒಂದಕ್ಕೊಂದು ದೂರ ಇರಬೇಕು. ‘ದನಿ ಏರಿಕೆ’, ‘ದನಿ ಮಟ್ಟ’ ಅಂತೆಲ್ಲ ಹೇಳಬೇಡಿ, ದಯವಿಟ್ಟು.

—

ಹಳೇ ಮೇಷ್ಟ್ರು:

ಹೊಸದಾಗಿ ಏನನ್ನೂ ಹುಟ್ಟಿಸಬೇಕಾಗಿಲ್ಲ. ಆಂಪ್ಲಿಫೈಯರ್‌ಗೆ ವರ್ಧಕ. ಪ್ರೀಆಂಪ್‌ಗೆ ಪೂರ್ವವರ್ಧಕ. ಗೇನ್‌ಗೆ ವರ್ಧನಾಂಕ. ಜಾಗ ಸಾಲದಿದ್ದರೆ ‘ವರ್ಧನ’ ಸಾಕು.

ವೃಧ್ ಧಾತುವಿನಿಂದಲೇ ವೃದ್ಧಿ, ಅಭಿವೃದ್ಧಿ, ವರ್ಧಂತಿ ಎಲ್ಲ ಬಂದಿವೆ. ಮಗುವಿಗೆ ವರ್ಧಂತಿ ಮಾಡುವ ಜನಕ್ಕೆ ವರ್ಧನ ಅರ್ಥವಾಗುವುದಿಲ್ಲ ಎಂದರೆ ನಾನು ನಂಬುವುದಿಲ್ಲ.

—

ಬೆಸುಗೆ:

ಮೇಷ್ಟ್ರೇ, ವರ್ಧಕ ಅನ್ನುವ ಪದವನ್ನು ಪೇಪರಿನವರೂ ಪೊಲೀಸರೂ ಯಾವತ್ತೋ ಎತ್ತಿಕೊಂಡು ಹೋಗಿದ್ದಾರೆ. ‘ಧ್ವನಿವರ್ಧಕ’ ಅಂದರೆ ಜನಕ್ಕೆ ಕಂಬಕ್ಕೆ ಕಟ್ಟಿದ ಸ್ಪೀಕರ್. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹಾಕಬಾರದು ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹೇಳುತ್ತಲ್ಲ, ಅದು.

ತಮಾಷೆ ಏನೆಂದರೆ ಸ್ಪೀಕರ್ ಏನನ್ನೂ ವರ್ಧಿಸುವುದಿಲ್ಲ. ಕರೆಂಟನ್ನು ಗಾಳಿಯ ಅಲುಗಾಟ ಮಾಡುತ್ತೆ, ಅಷ್ಟೇ. ಅದಕ್ಕೆ ವರ್ಧಕ ಅಂತ ಹೆಸರಿಟ್ಟು, ನಿಜವಾಗಿ ವರ್ಧಿಸುವ ಡಬ್ಬಕ್ಕೆ ಹೆಸರೇ ಇಲ್ಲದ ಹಾಗೆ ಮಾಡಿದ್ದೇವೆ. ಈಗ ‘ಪೂರ್ವವರ್ಧಕ’ ಅಂತ ಬರೆದರೆ ಮುಂದೆ ಇಡುವ ಸ್ಪೀಕರ್ ಅಂತ ಓದುತ್ತಾರೆ. ಇಲ್ಲವೇ ಪೂರ್ವದಿಕ್ಕಿಗೆ ತಿರುಗಿಸಿ ಇಡುತ್ತಾರೆ.

—

ಅಚ್ಚಗನ್ನಡ:

ಸಕ್ಕದದ (ಸಂಸ್ಕೃತದ) ಮೊರೆ ಹೋಗುವ ಮುಂಚೆ ಮನೆಯೊಳಗೆ ಹುಡುಕಬೇಕು. ಇಮ್ಮಡಿ, ಮುಮ್ಮಡಿ, ನೂರ್ಮಡಿ ಎಂಬ ಒರೆಗಳು (ಪದಗಳು) ನಮ್ಮಲ್ಲಿ ಇವೆ. ಮಡಿಸಿದರೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಗೇನ್ ಎಂದರೂ ಅದೇ ಅಲ್ಲವೇ? ಒಳಗೆ ಬಂದದ್ದು ಎಶ್ಟು ಮಡಿ ಆಯಿತು ಎಂಬುದು. ನಾಬಿನ ಮೇಲೆ ‘ಮಡಿ’ ಎಂದು ಬರೆಯಿರಿ. ಎರಡೇ ಅಕ್ಕರ. ಪ್ರೀಆಂಪ್ ಎಂದರೆ ಮುನ್ನ ಮಡಿಸುವುದು, ಆದ್ದರಿಂದ ‘ಮುನ್ಮಡಿಕ’.

ಬೇಸ್, ಟ್ರೆಬಲ್‌ಗೆ ತಗ್ಗುಲಿ, ಹೆಚ್ಚುಲಿ. ಬಾನುಲಿ ಎಂಬುದನ್ನು ಒಪ್ಪಿದ ನಾಡಿಗೆ ಇದು ಹೊರೆಯಲ್ಲ.

—

ಹಳೇ ಮೇಷ್ಟ್ರು:

ಮುನ್ ಮತ್ತು ಮಡಿ ಸೇರಿದರೆ ನಕಾರ ಉಳಿಯುವುದಿಲ್ಲ, ಮುಮ್ಮಡಿ ಆಗುತ್ತದೆ. ಅಂದರೆ ಮೂರು ಪಟ್ಟು. ಇವರ ಪ್ರೀಆಂಪ್ ಮೂರರಿಂದ ಮೇಲೆ ಹೋಗುವುದೇ ಇಲ್ಲವೋ ಏನೋ.

—

ಕಡಲತಡಿ:

ಮಾರಾಯ್ರೇ, ‘ಮಡಿ’ ಅಂತ ಬರೆದರೆ ನಮ್ಮ ಕಡೆ ಆ ನಾಬನ್ನು ಯಾರೂ ಮುಟ್ಟುವುದೇ ಇಲ್ಲ. ಸ್ನಾನ ಮಾಡಿ ಬಂದವರು ಮಾತ್ರ ಗೇನ್ ತಿರುಗಿಸಬೇಕಾಗುತ್ತೆ.

ಆದರೆ ಅಚ್ಚಗನ್ನಡದವರು ಹಿಡಿದ ದಾರಿ ಸರಿ ಇದೆ. ಗೇನ್ ಅಂದರೆ ‘ಇಷ್ಟರಷ್ಟು’ ಅನ್ನುವ ಲೆಕ್ಕವೇ. ನನ್ನ ಡಬ್ಬದಲ್ಲಿ ಗೇನ್ ತೀರ್ಮಾನಿಸುವುದು ಎರಡು ರೆಸಿಸ್ಟರ್. ಮೇಲಿನದು, ಅಂದರೆ ಫೀಡ್‌ಬ್ಯಾಕ್ ರೆಸಿಸ್ಟರ್, 10 ಕಿಲೋಓಮ್. ಕೆಳಗಿನದು 100 ಓಮ್ ಇದ್ದರೆ 10,000ವನ್ನು 100ರಿಂದ ಭಾಗಿಸಿ ಒಂದು ಕೂಡಿಸಿ, 101. ಕೆಳಗಿನದಕ್ಕೆ ಪಾಟ್ (ತಿರುಗಿಸಿ ಹೆಚ್ಚುಕಮ್ಮಿ ಮಾಡುವ ರೆಸಿಸ್ಟರ್) ಹಾಕಿದ್ದೇನೆ, ಅದೇ ಗೇನ್ ನಾಬ್. ಹತ್ತರ ಆಸುಪಾಸಿನಿಂದ 300ರವರೆಗೆ ಹೋಗುತ್ತೆ. ಅದಕ್ಕಿಂತ ಮೇಲೆ ಬೇಡ ಅಂತ ಬಿಟ್ಟಿದ್ದೇನೆ. 5532ನಲ್ಲಿ ಒಂದೇ ಹಂತದಲ್ಲಿ 1000 ತೆಗೆಯಲು ಹೋದರೆ 10 ಕಿಲೋಹರ್ಟ್ಸ್ ಹೊತ್ತಿಗೆ ಐಸಿ ಸೋಲುತ್ತೆ, ತಾಳದ ಝಣ ಸತ್ತೇ ಹೋಗುತ್ತೆ.

ವಾಲ್ಯೂಮ್ ನಾಬ್ ಹಾಗಲ್ಲ. ಅದು ಏನನ್ನೂ ಹೆಚ್ಚಿಸುವುದಿಲ್ಲ. ಒಳಗೆ ಬೆಳೆದದ್ದರಲ್ಲಿ ಎಷ್ಟನ್ನು ಹೊರಗೆ ಬಿಡೋಣ ಅನ್ನುವುದು ಮಾತ್ರ. ‘ವರ್ಧನ’ ಅಂತ ಗೇನ್‌ಗೆ ಹಾಕಿದರೂ ಹುಡುಗರು ವಾಲ್ಯೂಮ್‌ನಲ್ಲೂ ವರ್ಧನ ಆಗುತ್ತಲ್ಲ ಅಂತಲೇ ಕೇಳುತ್ತಾರೆ.

—

ಎಸ್‌ಪಿ ರೋಡ್ ಗಿರಾಕಿ:

ಗೇನ್ ಅಂತ ಬರೀರಿ. ಎರಡಕ್ಷರ. ಮುಗೀತು.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ‘ವರ್ಧನಾಂಕದ ಪಾಟ್ ಕೊಡಿ’ ಅಂತ ಕೇಳ್ತೀರಿ? ನಾಳೆ ಪಾಟ್ ಕೆಟ್ಟರೆ ರಿಪೇರಿಯವನಿಗೆ ಏನು ಹೇಳ್ತೀರಿ? ಅಂದಹಾಗೆ ಆ ಜಾಗಕ್ಕೆ ರಿವರ್ಸ್ ಲಾಗ್ ಪಾಟ್ ಹಾಕಿ. ಲೀನಿಯರ್ (ಸುತ್ತಿನುದ್ದಕ್ಕೂ ಓಮ್ ಸಮನಾಗಿ ಬದಲಾಗುವ ಪಾಟ್) ಹಾಕಿದರೆ ಸುತ್ತಿನ ಬಹುಪಾಲು ಏನೂ ಆಗದೆ, ಕೊನೇ ತುದಿಯಲ್ಲಿ 100ರಿಂದ 300ಕ್ಕೆ ಹಾರುತ್ತೆ. ಪದಕ್ಕಿಂತ ಇದು ಮುಖ್ಯ.

—

ತಂಬೂರಿ:

ಹೆಚ್ಚುಲಿ ಅಂದರೆ ಜೋರು ಸದ್ದೋ, ಎತ್ತರದ ಸದ್ದೋ? ಅಲ್ಲೇ ಬಿತ್ತು ಪೆಟ್ಟು. ಇನ್ನು ಯಾರಾದರೂ ಮಂದ್ರ, ತಾರ ಅಂತ ಹೇಳುವ ಮುಂಚೆ ನಾನೇ ಬೇಡ ಅನ್ನುತ್ತೇನೆ. ಅವು ಸ್ಥಾಯಿ, ಅಂದರೆ ಸ್ವರದ ಎತ್ತರದ ಹಂತ. ಭಾಗವತರು ತಾರಸ್ಥಾಯಿಯಲ್ಲಿ ಹಾಡುವಾಗ ಟ್ರೆಬಲ್ ನಾಬ್ ತಿರುಗಿಸಿದರೆ ಅವರ ಸ್ಥಾಯಿ ಇಳಿಯುವುದಿಲ್ಲ, ದನಿಯ ಚೂಪು ಇಳಿಯುತ್ತದೆ. ಸಂಗೀತದ ಪದವನ್ನು ತಪ್ಪು ಜಾಗಕ್ಕೆ ಮೆತ್ತಬೇಡಿ.

—

ಬೆಸುಗೆ:

ನೂರು ಮಾತಿನ ನಡುವೆ ಮೇಷ್ಟ್ರು ಸುಮ್ನೆ ಒಂದು ಪದ ಬೀಳಿಸಿ ಹೋಗಿದ್ದಾರೆ, ಯಾರೂ ಎತ್ತಿಕೊಳ್ಳಲಿಲ್ಲ. ‘ಮೂರು ಪಟ್ಟು’ ಅಂದರಲ್ಲ. ಪಟ್ಟು! ಬೆಲೆ ಎರಡು ಪಟ್ಟು ಆಯ್ತು, ಬಡ್ಡಿ ನಾಲ್ಕು ಪಟ್ಟು ಆಯ್ತು ಅಂತ ಶಾಲೆಗೆ ಹೋಗದವರೂ ಹೇಳುತ್ತಾರೆ. ನಾಬ್‌ಗೆ ‘ಪಟ್ಟು’ ಅಂತ ಬರೆಸಿ. ಸುತ್ತ 10, 30, 100, 300 ಅಂತ ಗುರುತು ಹಾಕಿಸಿ. ಡೆಸಿಬಲ್ (ಗೇನ್ ಅಳೆಯುವ ಇನ್ನೊಂದು ಅಳತೆ) ಗೊತ್ತಿರುವವರು 20, 30, 40, 50 ಅಂತ ತಾವೇ ಓದಿಕೊಳ್ಳುತ್ತಾರೆ, ಹೆಚ್ಚುಕಮ್ಮಿ ಅಷ್ಟೇ ಬರುತ್ತೆ.

ಕ್ಲಿಪ್‌ಗೆ ಪದವನ್ನು ಕೇಳಿದವರೇ ಮೊದಲ ಪತ್ರದಲ್ಲಿ ಬರೆದಿದ್ದಾರೆ. ‘ದನಿ ಒಡೆದರೆ’ ಅಂದರಲ್ಲ. ಮೈಕ್ ಸೆಟ್‌ನವರೆಲ್ಲ ಸೌಂಡ್ ಒಡೀತಿದೆ ಅಂತಲೇ ಹೇಳುವುದು. ಕೆಂಪು ದೀಪಕ್ಕೆ ‘ಒಡಕು’.

—

ಅಚ್ಚಗನ್ನಡ:

ಪಟ್ಟು ಎಂದರೆ ಕುಸ್ತಿಯ ಹಿಡಿತ. ಹಟಕ್ಕೂ ಅದೇ ಒರೆ. ಮಡಿ ಎಂಬುದಕ್ಕೆ ಎರಡು ಹುರುಳಿವೆ (ಅರ್ತವಿದೆ) ಎಂದು ತಳ್ಳಿದವರು ಮೂರು ಹುರುಳಿರುವ ಪಟ್ಟನ್ನು ಒಪ್ಪುವುದು ಹೇಗೆ?

ಇಲ್ಲಿ ಯಾರಿಗೂ ಕಟ್ಟುವ ಮನಸ್ಸಿಲ್ಲ. ಇಂಗ್ಲಿಶಿನಿಂದ ಬಂದರೆ ಅದು ‘ರೂಡಿ’, ಸಕ್ಕದದಿಂದ ಬಂದರೆ ಅದು ‘ಪಟ್ಯ’, ಕನ್ನಡದ್ದಾದರೆ ಮಾತ್ರ ‘ನಗೆಪಾಟಲು’.

—

ಬೆಸುಗೆ:

ಸುತ್ತ 10, 100 ಅಂತ ಬರೆದಿರುವ ನಾಬ್ ನೋಡಿ ಕುಸ್ತಿ ನೆನಪಾಗುವವರು ಕಡಿಮೆ. ಪಕ್ಕದಲ್ಲಿ ಅಂಕಿ ಇದ್ದರೆ ಪಟ್ಟಿನ ಅರ್ಥ ಒಂದೇ ಉಳಿಯುತ್ತೆ. ಮಡಿಯ ಪಕ್ಕ ಅಂಕಿ ಇಟ್ಟು ನೋಡಿ. ‘ಮಡಿ 100’. ಪಂಚೆಯ ಬೆಲೆ ಅಂದುಕೊಳ್ಳುತ್ತಾರೆ.

—

ಎಸ್‌ಪಿ ರೋಡ್ ಗಿರಾಕಿ:

ಅಚ್ಚಗನ್ನಡದವರೇ, ಕಾಗದ ಪರ್ಷಿಯನ್‌ದು. ಚಾವಿ ಪೋರ್ಚುಗೀಸರದ್ದು. ಅರ್ಜಿ, ಜಮೀನು ಎಲ್ಲಿಂದ ಬಂದವು? ಕರೆಂಟ್ ಹೋದಾಗ ‘ಮಿಂಚು ಹೋಯ್ತು’ ಅಂತ ಕೂಗ್ತೀರಾ ನೀವು? ಬಂದವುಗಳನ್ನು ಇಟ್ಟುಕೊಂಡೇ ಕನ್ನಡ ಬೆಳೆದಿದೆ.

—

ಹಳೇ ಮೇಷ್ಟ್ರು:

ಬಂದದ್ದನ್ನೆಲ್ಲ ಇಟ್ಟುಕೊಂಡೇ ಬೆಳೆದಿದ್ದರೆ ಇವತ್ತು ಆಕಾಶವಾಣಿ ಎಂಬ ಪದ ಇರುತ್ತಿರಲಿಲ್ಲ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಖಾಸಗಿ ಬಾನುಲಿ ಕೇಂದ್ರ ನಡೆಸಿದರು. ಅದಕ್ಕೆ ಆಕಾಶವಾಣಿ ಎಂದು ಹೆಸರಾಯಿತು. ಆಮೇಲೆ ದೇಶದ ಸರ್ಕಾರಿ ಬಾನುಲಿಯೂ ಆ ಹೆಸರನ್ನು ಹಿಡಿಯಿತು. ಮನೆಯಲ್ಲಿ ಯಂತ್ರ ಕಟ್ಟಿದವರೇ ಪದವನ್ನೂ ಕಟ್ಟಿದರು. ಸಂಸ್ಕೃತ ಅಂತ ಕನ್ನಡಿಗರು ಅದನ್ನು ಬಿಡಲಿಲ್ಲ.

—

ಎಸ್‌ಪಿ ರೋಡ್ ಗಿರಾಕಿ:

ಒಪ್ಪಿದೆ. ಆದರೆ ಆಕಾಶವಾಣಿ ಉಳಿದದ್ದು ಸ್ಟೇಷನ್ನಿನ ಹೆಸರಾಗಿ. ಮನೆಯಲ್ಲಿರುವ ಪೆಟ್ಟಿಗೆಗೆ ನಿಮ್ಮಜ್ಜನೂ ರೇಡಿಯೊ ಅಂತಲೇ ಹೇಳುತ್ತಿದ್ದದ್ದು. ಬಾನುಲಿ ಬರವಣಿಗೆಯಲ್ಲಿ ಉಳಿಯಿತು, ರಿಪೇರಿ ಅಂಗಡಿಗೆ ಬರಲಿಲ್ಲ. ಹೆಸರು ಬೇರೆ, ಸಾಮಾನು ಬೇರೆ.

—

ತಂಬೂರಿ:

ಬಾನುಲಿಯ ಜಗಳ ಈ ಗುಂಪಿನಲ್ಲಿ ಎಷ್ಟು ಸಲ ಆಗಿದೆಯೋ. ಕೇಳಿದವರ ಸ್ಟಿಕರ್ ನಾಳೆ ಕಟ್ ಆಗಬೇಕು, ನೆನಪಿರಲಿ.

—

ಕಡಲತಡಿ:

ಫೈಲ್ ಕೊಟ್ಟಾಯಿತು. ಏನೇನು ಹಾಕಿದೆ ಅಂತ ಹೇಳುತ್ತೇನೆ, ಬೈಯುವವರು ಬೈಯಬಹುದು.

ಗೇನ್‌ಗೆ ‘ಪಟ್ಟು’, ಸುತ್ತ 10, 30, 100, 300. ವಾಲ್ಯೂಮ್‌ಗೆ ‘ದನಿ’, ಸುತ್ತ ಸೊನ್ನೆಯಿಂದ ಹತ್ತು. ದೀಪಕ್ಕೆ ‘ಒಡಕು’. ಬೇಸ್, ಟ್ರೆಬಲ್ ಹಾಗೇ ಇರಲಿ ಅಂತ ಬಿಟ್ಟೆ. ಹುಡುಗರ ಮೊಬೈಲಿನಲ್ಲೂ, ಆಟೋ ಸ್ಟೀರಿಯೊದಲ್ಲೂ ಅವೇ ಇವೆ. ಅರ್ತ್ ತಿರುಪಿಗೆ ಪದ ಬರೆಯಲಿಲ್ಲ, ಮೂರು ಗೆರೆಯ ಗುರುತು ಹಾಕಿದೆ. ಡಬ್ಬದ ಹೆಸರು ‘ಮೈಕ್ ಪ್ರೀಆಂಪ್’. ಮೇಷ್ಟ್ರು ಕ್ಷಮಿಸಬೇಕು.

ಹುಡುಗರಿಗೆ ಒಂದು ಸಾಲು ಹೇಳಿಕೊಟ್ಟೆ: ಒಡಕು ಹತ್ತಿದರೆ ಪಟ್ಟು ಇಳಿಸು, ಸಭೆಗೆ ಕೇಳದಿದ್ದರೆ ದನಿ ಏರಿಸು. ಚಂಡೆಯ ಹತ್ತಿರದ ಮೈಕ್ 50 ಮಿಲಿವೋಲ್ಟ್ ಕೊಟ್ಟಿತು ಅಂದುಕೊಳ್ಳಿ. 300 ಪಟ್ಟು ಅಂದರೆ 15 ವೋಲ್ಟ್ ಆಗಬೇಕು. ಐಸಿಗೆ ಕೊಟ್ಟಿರುವುದೇ ಸೊನ್ನೆಯ ಮೇಲೆ 15, ಕೆಳಗೆ 15 ವೋಲ್ಟ್, ಅದು 13ರ ಹತ್ತಿರ ಬಂದು ತಲೆ ಕತ್ತರಿಸುತ್ತೆ. 30 ಪಟ್ಟು ಸಾಕು, ಒಂದೂವರೆ ವೋಲ್ಟ್ ಬರುತ್ತೆ. ‘ಪಟ್ಟು’ ಅಂತ ಬರೆದದ್ದರಿಂದ ಈ ಗುಣಾಕಾರವನ್ನು ಒಬ್ಬ ಹುಡುಗ ಬಾಯಲ್ಲೇ ಮಾಡಿ ಹೇಳಿದ. ಡೆಸಿಬಲ್‌ನಲ್ಲಿ ಆಗುತ್ತಿರಲಿಲ್ಲ.

ಇನ್ನೊಂದು ಸಂಗತಿ ಉಳಿದಿದೆ. ಮುಂದಿನ ತಿಂಗಳು ತಂಡಕ್ಕೆ ಕಂಡೆನ್ಸರ್ ಮೈಕ್ ಬರುತ್ತದಂತೆ. ಅದು ಕೆಲಸ ಮಾಡಲು ಮೈಕಿನ ವೈರಿನಲ್ಲೇ 48 ವೋಲ್ಟ್ ಕಳಿಸಬೇಕು, ಇದಕ್ಕೆ ಫ್ಯಾಂಟಮ್ (ಇಂಗ್ಲಿಷಿನಲ್ಲಿ ಭೂತ) ಅಂತಾರೆ. ಅದರ ಸ್ವಿಚ್ ಕೂರಿಸಬೇಕು. ಆ ಸ್ವಿಚ್ಚಿಗೆ ಏನು ಬರೆಯುವುದು? ‘ಭೂತ’ ಅಂತ ಯಾರೂ ಹೇಳಬೇಡಿ, ನಮ್ಮ ಕಡೆ ಆ ಪದಕ್ಕೆ ಅದರದ್ದೇ ಗೌರವ ಇದೆ.

—

ಅಚ್ಚಗನ್ನಡ:

‘48’ ಎಂದು ಬರೆಯಿರಿ. ಮಡಿಯನ್ನು ಮತ್ತೊಮ್ಮೆ ಯೋಚಿಸಿ.

—

ಎಸ್‌ಪಿ ರೋಡ್ ಗಿರಾಕಿ:

48 ಸಾಕು. ಆದರೆ ಈಗಿರುವ ಇನ್‌ಪುಟ್ ಕೆಪಾಸಿಟರ್‌ಗಳು ಎಷ್ಟು ವೋಲ್ಟ್ ತಡೆದುಕೊಳ್ಳುತ್ತವೆ? 25 ಅಥವಾ 35 ಇದ್ದರೆ ಮೊದಲು ಬದಲಿಸಿ, 63 ವೋಲ್ಟಿನವು ಹಾಕಿ. ಸ್ಟಿಕರ್ ಆಮೇಲೆ.