ವಾಟ್ಸ್‌ಆ್ಯಪ್ ವದಂತಿಯ ಮುಂದೆ ಪ್ರೆಸ್ ನೋಟ್ ಸೋಲುತ್ತಿದೆ: ಪಿಆರ್‌ಒ ಕೆಲಸದಲ್ಲಿ ಏನು ಬದಲಾಗಬೇಕು?

ಹೇಮಾವತಿ_ದಂಡೆ ಕೇಳಿದ್ದು:

ಜಿಲ್ಲಾ ಮಟ್ಟದ ಹಾಲು ಒಕ್ಕೂಟವೊಂದರ ಸಾರ್ವಜನಿಕ ಸಂಪರ್ಕ ವಿಭಾಗದ ಪ್ರಶ್ನೆ ಇದು. ಇರುವುದು ಇಬ್ಬರೇ ಸಿಬ್ಬಂದಿ. ಪ್ರಕಟಣೆ ಬರೆದು, ಎಂ.ಡಿ. ಸಹಿ ಹಾಕಿಸಿ, ಪತ್ರಿಕೆಗಳಿಗೆ ಇಮೇಲ್ ಮಾಡಿ, ಮರುದಿನ ಕಟಿಂಗ್ ಫೈಲ್ ಮಾಡುವುದು ಈವರೆಗಿನ ಪದ್ಧತಿ. ಈಗ ಕಾಯಿಸಿದ ಹಾಲು ರಬ್ಬರಿನಂತೆ ಹಿಗ್ಗುವ ವಿಡಿಯೊ ಒಂದು 'ಪ್ಲಾಸ್ಟಿಕ್ ಹಾಲು' ಎಂಬ ಹೆಸರಲ್ಲಿ ಊರೂರಿನ ಗ್ರೂಪ್‌ಗಳಲ್ಲಿ ಹರಿದಾಡುತ್ತಿದೆ. ಪ್ರಕಟಣೆಗೆ ಸಹಿ ಬೀಳುವ ಹೊತ್ತಿಗೆ ಎರಡು ದಿನ ಕಳೆದಿರುತ್ತದೆ. ಇಂಥದ್ದಕ್ಕೆ ಉತ್ತರ ಕೊಡಬೇಕೇ, ಕೊಟ್ಟರೆ ಹೇಗೆ? ಆಡಳಿತ ಮಂಡಳಿಗೆ ಕೆಲಸದ ಲೆಕ್ಕ ಯಾವ ರೂಪದಲ್ಲಿ ಒಪ್ಪಿಸಬೇಕು?

ಡೆಸ್ಕ್_ಬೆಳಗು ಉತ್ತರ:

ಫೇಸ್‌ಬುಕ್ ಪೇಜ್ ಆಮೇಲೆ ನೋಡೋಣ, ಮೊದಲು ಸಹಿಯ ಸರಪಳಿ ಮೊಟಕಾಗಬೇಕು. ಬರೆಯುವುದಕ್ಕೆ ಅರ್ಧ ಗಂಟೆ ಸಾಕು. ದಿನಗಳು ಕಳೆಯುವುದು ಕಡತ ಗುಣ ನಿಯಂತ್ರಣ ವಿಭಾಗದಿಂದ ಮಾರುಕಟ್ಟೆ ವಿಭಾಗಕ್ಕೆ, ಅಲ್ಲಿಂದ ಎಂ.ಡಿ. ಟೇಬಲ್ಲಿಗೆ ಓಡಾಡುವುದರಲ್ಲಿ. ಎಂ.ಡಿ.ಯವರಿಂದ ಒಂದೇ ಪುಟದ ಕಚೇರಿ ಆದೇಶ ಮಾಡಿಸಿಕೊಳ್ಳಿ. ಪೂರೈಕೆ ವಿಳಂಬ, ಬೂತ್ ವೇಳೆ, ದರದಂಥ ವಿಷಯವನ್ನು ಪಿಆರ್‌ಒ ನೇರವಾಗಿ ಹಾಕಬಹುದು. ಗುಣಮಟ್ಟದ ವಿಷಯವಾದರೆ ಗುಣ ನಿಯಂತ್ರಣ ಮುಖ್ಯಸ್ಥರ ಲಿಖಿತ ಒಪ್ಪಿಗೆ, ವಾಟ್ಸ್‌ಆ್ಯಪ್‌ನಲ್ಲಿ ಬಂದರೂ ಸರಿ, ಒಂದು ಗಂಟೆಯೊಳಗೆ. ಯಾರಿಗಾದರೂ ಕಾಯಿಲೆಯಾದರೆ ಅಥವಾ ಪೊಲೀಸ್, ಕೋರ್ಟ್ ಬಂದರೆ ಮಾತ್ರ ಎಂ.ಡಿ.

ಮೊದಲ ಸಂದೇಶದ ಮಾದರಿಗೂ ಇಂದೇ ಒಪ್ಪಿಗೆ ಪಡೆದಿಡಿ: "ವಿಡಿಯೊ ನಮ್ಮ ಗಮನಕ್ಕೆ ಬಂದಿದೆ. ಸಂಬಂಧಿಸಿದ ಬ್ಯಾಚಿನ ಸ್ಯಾಂಪಲ್ ಪರೀಕ್ಷೆಗೆ ತೆಗೆದುಕೊಂಡಿದ್ದೇವೆ. ಮುಂದಿನ ಮಾಹಿತಿಯನ್ನು ಸಂಜೆ 6ಕ್ಕೆ ಇಲ್ಲೇ ಕೊಡುತ್ತೇವೆ." ಪರೀಕ್ಷೆಗೆ ಮೊದಲೇ 'ಇದು ಶುದ್ಧ ಸುಳ್ಳು' ಎಂದು ಬರೆಯಬೇಡಿ. ಒಂದು ಪ್ಯಾಕೆಟ್ ನಿಜವಾಗಿ ಕೆಟ್ಟಿದ್ದರೂ ಮುಂದೆ ನಿಮ್ಮ ಯಾವ ಮಾತನ್ನೂ ಜನ ನಂಬುವುದಿಲ್ಲ. ಆರು ಗಂಟೆಗೆ ಫಲಿತಾಂಶ ಬಂದಿರದಿದ್ದರೆ, ಬಂದಿಲ್ಲ ಎಂದಾದರೂ ಹಾಕಲೇಬೇಕು.

ಇನ್ನು ಈ ವಿಡಿಯೊ. ತಾಜಾ ಹಾಲಿನ ಪಿಎಚ್ 6.6ರಿಂದ 6.8. ತಂಪು ತಪ್ಪಿ ಹುಳಿಗೆ ತಿರುಗಿದ ಹಾಲು 5.2ರ ಆಸುಪಾಸಿಗೆ ಇಳಿದಾಗ ಕಾಯಿಸಿದರೆ ಕೇಸಿನ್ ಪ್ರೋಟೀನ್ ಮುದ್ದೆಗಟ್ಟಿ ಎಳೆ ಎಳೆಯಾಗಿ ಹಿಗ್ಗುತ್ತದೆ. ಪಿಜ್ಜಾ ಮೇಲಿನ ಮೊಝರೆಲ್ಲಾ ಚೀಸ್ ಎಳೆ ಬರುವುದೂ ಇದೇ ಗುಣದಿಂದ. ನಿಮ್ಮ ಲ್ಯಾಬ್‌ನ ತಂತ್ರಜ್ಞರೇ ಕ್ಯಾಮೆರಾ ಮುಂದೆ ಹಾಲನ್ನು ಹುಳಿ ಮಾಡಿ, ಪಿಎಚ್ ಮೀಟರಿನ ಅಂಕಿ ಕಾಣುವಂತೆ ಹಿಡಿದು, ಕಾಯಿಸಿ ಎಳೆದು ತೋರಿಸಲಿ. 40 ಸೆಕೆಂಡ್ ಸಾಕು. ವದಂತಿಯ ವಿಡಿಯೊವನ್ನು ನಿಮ್ಮದರೊಳಗೆ ಮತ್ತೆ ಓಡಿಸಬೇಡಿ. ಯಾರೋ ಅಷ್ಟನ್ನೇ ಕತ್ತರಿಸಿ ಕಳಿಸುತ್ತಾರೆ, ಆಗ ನಿಮ್ಮ ಲೋಗೊ ಸಮೇತ ವದಂತಿ ಹರಡುತ್ತದೆ. ಬೇಕೇ ಬೇಕೆಂದರೆ, ಪರೀಕ್ಷೆ ಮುಗಿದ ಮೇಲೆ, ಅದರ ಒಂದು ಸ್ಥಿರಚಿತ್ರದ ಮೇಲೆ ಅಡ್ಡಲಾಗಿ 'ಸುಳ್ಳು' ಎಂದು ದಪ್ಪಕ್ಷರದಲ್ಲಿ ಹಾಕಿ.

'ನೀವು ಫ್ರಿಜ್‌ನಲ್ಲಿ ಇಟ್ಟಿರಲಿಲ್ಲ' ಎಂದು ಗ್ರಾಹಕರ ಮೇಲೆ ಹೊರಿಸುವುದಂತೂ ಬೇಡವೇ ಬೇಡ. ಬೂತ್‌ನಲ್ಲೋ ವ್ಯಾನ್‌ನಲ್ಲೋ ತಂಪು ತಪ್ಪಿರಬಹುದು.

ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ರಾಷ್ಟ್ರೀಯ ಹಾಲು ಸಮೀಕ್ಷೆಯನ್ನು ಉಲ್ಲೇಖಿಸುವುದಾದರೆ ಪೂರ್ತಿ ಉಲ್ಲೇಖಿಸಿ. 6,432 ಸ್ಯಾಂಪಲ್‌ಗಳಲ್ಲಿ ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು 12ರಲ್ಲಿ ಎನ್ನುವುದು ಎಷ್ಟು ನಿಜವೋ, ಕೆಲವದರಲ್ಲಿ ಅಫ್ಲಾಟಾಕ್ಸಿನ್ ಎಂ1 (ಬೂಷ್ಟು ಹಿಡಿದ ಮೇವಿನಿಂದ ಹಾಲಿಗೆ ಬರುವ ವಿಷ) ಮಿತಿ ಮೀರಿತ್ತು ಎನ್ನುವುದೂ ಅಷ್ಟೇ ನಿಜ. ಅರ್ಧ ಹೇಳಿದರೆ ಉಳಿದರ್ಧವನ್ನು ಯಾರಾದರೂ ಕಾಮೆಂಟ್‌ನಲ್ಲಿ ತಂದು ಹಾಕುತ್ತಾರೆ.

ಒತ್ತಕ್ಷರ ಉತ್ತರ:

ಮೇಲಿನದನ್ನು ಒಪ್ಪುತ್ತೇನೆ. ತಾಂತ್ರಿಕವಾಗಿ ಎಡವುವ ಜಾಗಗಳನ್ನು ಸೇರಿಸುತ್ತೇನೆ.

ಮೂಲ ಪ್ರತಿ ಯೂನಿಕೋಡ್‌ನಲ್ಲೇ ಇರಲಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಫೇಸ್‌ಬುಕ್‌ಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ಹಳೆಯ ಫಾಂಟ್ ಕೇಳುವ ಪತ್ರಿಕೆಗೆ ಪರಿವರ್ತಿಸಿ ಕಳಿಸಿ, ಆದರೆ ಅರ್ಕಾವೊತ್ತು, ಒತ್ತಕ್ಷರ, ಅಂಕಿಗಳನ್ನು ಕಣ್ಣಾರೆ ಓದಿ ನೋಡಿದ ಮೇಲೆ.

ಎಕ್ಸ್‌ನಲ್ಲಿ 280 ಕ್ಯಾರೆಕ್ಟರ್‌ಗಳ ಮಿತಿ ಕನ್ನಡಕ್ಕೆ ಬೇಗ ಮುಗಿಯುತ್ತದೆ. ಕಾಗುಣಿತದ ಗುರುತು, ಒತ್ತು ತರುವ ಹಲಂತ ಚಿಹ್ನೆ (್) ಎಲ್ಲವೂ ಬೇರೆ ಬೇರೆ ಎಣಿಕೆಯಾಗುತ್ತವೆ. 'ಕ್ಷೀರ' ಎಂದರೆ ಐದು, 'ಒಕ್ಕೂಟ' ಎಂದರೆ ಆರು. ಎಸ್‌ಎಂಎಸ್ ಇನ್ನೂ ಇಕ್ಕಟ್ಟು: ಕನ್ನಡದಲ್ಲಿ ಒಂದಕ್ಕೆ 70, ಉದ್ದವಾಗಿ ತುಂಡಾದರೆ ತುಂಡಿಗೆ 67. ಅದರ ಮೇಲೆ ಸಂದೇಶದ ಟೆಂಪ್ಲೇಟ್ ಡಿಎಲ್‌ಟಿಯಲ್ಲಿ (ಸಂಸ್ಥೆಗಳ ಎಸ್‌ಎಂಎಸ್‌ಗೆ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆ) ಮೊದಲೇ ನೋಂದಣಿಯಾಗಿರಬೇಕು. ಗಲಾಟೆಯ ದಿನ ನೋಂದಾಯಿಸಲು ಕೂತರೆ ಆಗದು, ಮೂರ್ನಾಲ್ಕು ಟೆಂಪ್ಲೇಟ್ ಈಗಲೇ ಮಾಡಿಸಿ.

ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಪತ್ರಕರ್ತರಿಗೊಂದು ಪಟ್ಟಿ, ಬೂತ್ ಏಜೆಂಟರಿಗೊಂದು, ಸಂಘಗಳ ಕಾರ್ಯದರ್ಶಿಗಳಿಗೊಂದು. ಗ್ರಾಹಕರಿಗೆ ಚಾನೆಲ್. ನನ್ನ ಲೆಕ್ಕದಲ್ಲಿ ಏಜೆಂಟರ ಪಟ್ಟಿಯೇ ಮುಖ್ಯ, ಏಕೆಂದರೆ ಬೆಳಗ್ಗೆ ಆರಕ್ಕೆ 'ಇದು ನಿಜವೇನ್ರೀ?' ಎಂದು ಜನ ಕೇಳುವುದು ಅವರನ್ನೇ.

'ಇಂದು', 'ನಿನ್ನೆ' ಬೇಡ. ಚಿತ್ರದ ಮೇಲೇ ದಿನಾಂಕ, ಸಮಯ ಅಚ್ಚಾಗಲಿ, ಫಾರ್ವರ್ಡ್ ವರ್ಷದ ನಂತರವೂ ತಿರುಗಿ ಬರುತ್ತದೆ. ಪೋಸ್ಟರ್ ಜೊತೆ ಅದೇ ಮಾತನ್ನು ಪಠ್ಯವಾಗಿಯೂ ಹಾಕಿ. ಬರೀ ಚಿತ್ರವಾದರೆ ಹುಡುಕಿದರೆ ಸಿಗುವುದಿಲ್ಲ, ದೃಷ್ಟಿ ಇಲ್ಲದವರ ಫೋನ್ ಅದನ್ನು ಓದಿ ಹೇಳುವುದಿಲ್ಲ. ಪತ್ರಿಕೆಗೆ ಫೋಟೊ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸುತ್ತದೆ. 300 ಡಿಪಿಐ (ಇಂಚಿಗೆ 300 ಚುಕ್ಕಿ) ಮುದ್ರಣದಲ್ಲಿ ಆರು ಇಂಚು ಅಗಲಕ್ಕೆ 1,800 ಪಿಕ್ಸೆಲ್ ಬೇಕು.

ಒಟಿಪಿ ಬರುವ ನಂಬರ್ ಕಚೇರಿಯ ಸಿಮ್ ಆಗಿರಲಿ. ನೌಕರರ ಸ್ವಂತ ನಂಬರ್ ಆದರೆ ಅವರ ವರ್ಗಾವಣೆಯ ಜೊತೆಗೆ ಪೇಜೂ ಹೋಗುತ್ತದೆ. ಮತ್ತೆ, ವಿವಾದ ಎದ್ದ ಕೂಡಲೇ ಶೆಡ್ಯೂಲ್ ಮಾಡಿಟ್ಟ ಪೋಸ್ಟ್‌ಗಳನ್ನು ನಿಲ್ಲಿಸಿ. ಜನ ಸಿಟ್ಟಿನಲ್ಲಿರುವಾಗ ಹಬ್ಬದ ಶುಭಾಶಯದ ಪೇಡಾ ಚಿತ್ರ ತಾನಾಗಿ ಬಂದು ಬೀಳಬಾರದು.

ಮಾಗಡಿ_ರಸ್ತೆ ಉತ್ತರ:

ಒಂದು ಮಾತಿಗೆ ನನ್ನ ತಕರಾರಿದೆ. ಎಲ್ಲ ವದಂತಿಗೂ ಬಹಿರಂಗ ಉತ್ತರ ಬೇಡ. ಎರಡು ಮೂರು ಗ್ರೂಪ್‌ನಲ್ಲಷ್ಟೇ ಇದ್ದರೆ ಅಲ್ಲಿನ ಏಜೆಂಟರ ಮೂಲಕ ಅಲ್ಲೇ ಉತ್ತರಿಸಿ, ಇಲ್ಲವಾದರೆ ಕೇಳದವರಿಗೂ ನೀವೇ ಕೇಳಿಸಿದಂತಾಗುತ್ತದೆ. ಬೂತ್‌ನಲ್ಲಿ ಗ್ರಾಹಕರು ಕೇಳತೊಡಗಿದರೆ, ಅಥವಾ ವರದಿಗಾರರ ಫೋನ್ ಬಂದರೆ, ಆಗ ಬಹಿರಂಗ. ನಿಮ್ಮ ವಿಡಿಯೊ ಊರೂರು ತಿರುಗಿರುವುದರಿಂದ ಈ ಹಂತ ದಾಟಿದೆ.

ದೂರುದಾರರ ಫೋನ್ ನಂಬರ್, ವಿಳಾಸವನ್ನು ಕಾಮೆಂಟ್‌ನಲ್ಲಿ ಕೇಳಬೇಡಿ. ಬ್ಯಾಚ್ ನಂಬರ್ ಮತ್ತು ಬಳಕೆಯ ದಿನಾಂಕ ಕಾಣುವ ಪ್ಯಾಕೆಟ್ ಫೋಟೊವನ್ನು ಮೆಸೇಜ್‌ನಲ್ಲಿ ತರಿಸಿಕೊಳ್ಳಿ. ಪರಿಹಾರವಾದ ಮೇಲೆ ಅದೇ ಕಾಮೆಂಟ್ ಕೆಳಗೆ ಬರೆಯಿರಿ. ಬೈಗುಳವಿಲ್ಲದ ದೂರನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ಅಷ್ಟರಲ್ಲಿ ಹೊರಬಿದ್ದಿರುತ್ತದೆ.

ರೀಲ್ಸ್ ಮಾಡುವವರಿಗೆ ಹಣವನ್ನೋ ಉತ್ಪನ್ನವನ್ನೋ ಕೊಟ್ಟರೆ ಅದು ಜಾಹೀರಾತು. ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆಯಾದ ಎಎಸ್‌ಸಿಐನ 2021ರ ಮಾರ್ಗಸೂಚಿಯಂತೆ 15 ಸೆಕೆಂಡಿನೊಳಗಿನ ವಿಡಿಯೊದಲ್ಲಿ 'ಜಾಹೀರಾತು' ಎಂಬ ಲೇಬಲ್ ಕನಿಷ್ಠ 3 ಸೆಕೆಂಡ್, ಎರಡು ನಿಮಿಷದೊಳಗಿನದರಲ್ಲಿ ಮೂರನೇ ಒಂದು ಭಾಗದಷ್ಟು ಹೊತ್ತು ಕಾಣಬೇಕು. ಕನ್ನಡ ವಿಡಿಯೊಗೆ ಕನ್ನಡದಲ್ಲೇ ಹಾಕಿ. ವದಂತಿಗೆ ಉತ್ತರಿಸಲು ಮಾತ್ರ ಇವರನ್ನು ದುಡ್ಡು ಕೊಟ್ಟು ಕರೆಯಬೇಡಿ, ಲ್ಯಾಬ್ ಸಿಬ್ಬಂದಿಯ ಮಾತಿಗಿರುವ ತೂಕ ಅದಕ್ಕಿರುವುದಿಲ್ಲ.

ಮಂಡಳಿಗೆ, ಪತ್ರಿಕೆಯಲ್ಲಿ ಬಂದ ಸುದ್ದಿಯ ಕಾಲಂ ಸೆಂಟಿಮೀಟರ್‌ಗೆ ಜಾಹೀರಾತು ದರ ಗುಣಿಸಿ ತೋರಿಸುವ ಲೆಕ್ಕವನ್ನು ಪಿಆರ್ ಕೆಲಸವನ್ನು ಅಳೆಯುವ ಬಗ್ಗೆ ಅಂತರರಾಷ್ಟ್ರೀಯವಾಗಿ ಒಪ್ಪಿದ 2010ರ ಬಾರ್ಸಿಲೋನಾ ತತ್ವಗಳೇ ತಳ್ಳಿಹಾಕಿವೆ. ಮೊದಲ ಉತ್ತರಕ್ಕೆ ಹಿಡಿದ ನಿಮಿಷಗಳು, ಬಂದ ಮತ್ತು ಬಗೆಹರಿದ ದೂರುಗಳು, ಯಾವ ಮಾರ್ಗದಲ್ಲಿ ಎಷ್ಟು ದೂರು, ವದಂತಿಯ ವಾರದಲ್ಲಿ ಮಾರಾಟ ಏನಾಯಿತು ಎಂಬುದನ್ನು ಒಂದು ಹಾಳೆಯಲ್ಲಿ ಕೊಡಿ.

ಹೇಮಾವತಿ_ದಂಡೆ:

ಧನ್ಯವಾದ. ರಾತ್ರಿ ಹತ್ತರ ಮೇಲೆ ಇಬ್ಬರೇ ಹೇಗೆ ನಿಭಾಯಿಸುವುದು?

ಡೆಸ್ಕ್_ಬೆಳಗು:

ಡೇರಿಯಲ್ಲಿ ರಾತ್ರಿ ಪಾಳಿ ಇದ್ದೇ ಇರುತ್ತದೆ. ಪಾಳಿಯ ಗುಣ ನಿಯಂತ್ರಣ ಅಧಿಕಾರಿಯ ಹೆಸರು, ನಂಬರ್ ಇರುವ ವಾರದ ಪಟ್ಟಿ ಇಟ್ಟುಕೊಳ್ಳಿ. ನೀವಿಬ್ಬರೂ ವಾರ ಬಿಟ್ಟು ವಾರ ಫೋನ್ ಹಿಡಿಯಿರಿ. ರಾತ್ರಿ ಮೊದಲ ಸಂದೇಶವಷ್ಟೇ ಹೋಗಲಿ, ವಾದಕ್ಕೆ ಇಳಿಯಬೇಡಿ. ಬೆಳಗಿನ ಹಾಲು ಬೂತ್ ಸೇರುವ ಮೊದಲು ಏಜೆಂಟರ ಪಟ್ಟಿಗೆ ಉತ್ತರ ತಲುಪಿರಬೇಕು. ಪೇಜ್‌ನಲ್ಲಿ ಸಾಮಾನ್ಯ ದೂರಿಗೆ ಉತ್ತರಿಸುವ ವೇಳೆ ಬೆಳಗ್ಗೆ 6ರಿಂದ ರಾತ್ರಿ 9 ಎಂದು ಬರೆದುಬಿಡಿ.