‘ಆರ್ಥಿಕ ಹಾನಿ ಮಟ್ಟ’: ಹೊಲದವರ ಬಾಯಲ್ಲಿ ನಿಲ್ಲುವ ಪದ ಯಾವುದು?

ಸಮಗ್ರ ಕೀಟ ನಿರ್ವಹಣೆಯ, ಅಂದರೆ ಔಷಧಿಯೊಂದನ್ನೇ ನಂಬದೆ ಹಲವು ಕ್ರಮಗಳಿಂದ ಕೀಟ ತಡೆಯುವುದರ, ಕನ್ನಡ ಕರಪತ್ರಗಳಲ್ಲಿ ಮತ್ತೆ ಮತ್ತೆ ಸಿಗುವ ಒಂದು ಪದದ ಬಗ್ಗೆ ಬಲ್ಲವರನ್ನು ಕೇಳಬೇಕಾಗಿದೆ.

ಕಳೆದ ವಾರ ಹಾಸನದ ಬಳಿ, ದುದ್ದ ಹೋಬಳಿಯಲ್ಲಿರುವ ನಮ್ಮ ಭಾವನ ಮನೆಯಲ್ಲಿ ಅಂಥದೊಂದು ಕರಪತ್ರವನ್ನು ಓದಿ ಹೇಳುತ್ತಿದ್ದೆ. ಅವರದು ಮುಂಗಾರಿಗೆ ಆಲೂಗಡ್ಡೆ. ನೀರಿರುವ ಒಂದೂವರೆ ಎಕರೆಯಲ್ಲಿ ಟೊಮೆಟೊ, ಎಲೆಕೋಸು. ‘ಕೀಟಗಳು ಆರ್ಥಿಕ ಹಾನಿ ಮಟ್ಟ ತಲುಪಿದಾಗ ಮಾತ್ರ ಸಿಂಪಡಿಸಿ’ ಎಂಬ ಸಾಲಿಗೆ ಬಂದಾಗ ಭಾವ ತಡೆದರು. “ಹಾನಿಯಾಗುವವರೆಗೆ ಕೈಕಟ್ಟಿ ಕೂತು, ಆಮೇಲೆ ಔಷಧಿ ಹೊಡೆದರೆ ಏನು ಬಂತು?” ಎಂದರು. ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಆ ಪದ ಹೇಳುತ್ತಿರುವುದೇ ಅದನ್ನು.

ಮೂಲದಲ್ಲಿ ಇರುವುದು ಎರಡು ಮಟ್ಟಗಳು. 1959ರಲ್ಲಿ ಕ್ಯಾಲಿಫೋರ್ನಿಯಾದ ಕೀಟವಿಜ್ಞಾನಿ ಸ್ಟರ್ನ್ ಮತ್ತು ಮೂವರು ಸಂಗಡಿಗರು ಇವನ್ನು ಬೇರೆ ಬೇರೆಯಾಗಿಯೇ ವಿವರಿಸಿದರು. ತಡೆಯುವ ಖರ್ಚಿಗೆ ತಕ್ಕಷ್ಟು ನಷ್ಟವನ್ನು ಮಾಡಬಲ್ಲ ಕೀಟಗಳ ಅತಿ ಕಡಿಮೆ ಸಂಖ್ಯೆ ಒಂದು. ಅಲ್ಲಿಗೆ ಮುಟ್ಟುವ ಮೊದಲೇ ಕೈ ಹಾಕಬೇಕಾದ, ಅದಕ್ಕಿಂತ ಕೆಳಗಿನ ಸಂಖ್ಯೆ ಇನ್ನೊಂದು, ಇಂಗ್ಲಿಷಿನಲ್ಲಿ ‘ಥ್ರೆಶೋಲ್ಡ್’. ರೈತರಿಗೆ ಬೇಕಾದದ್ದು ಎರಡನೆಯದು. ನಾನು ನೋಡಿದ ಕರಪತ್ರಗಳಲ್ಲಿ ಎರಡಕ್ಕೂ ಒಂದೇ ಪದ, ಅದೂ ಮೊದಲನೆಯದರ ಅನುವಾದ.

ಭಾವನಿಗೆ ಗೊರೂರಿನ ಉದಾಹರಣೆ ಕೊಟ್ಟೆ. ಹೇಮಾವತಿ ಅಣೆಕಟ್ಟೆಯ ಪೂರ್ಣ ಮಟ್ಟ 2922 ಅಡಿ. ಮಳೆಗಾಲದಲ್ಲಿ ಆ ಅಂಕಿಯನ್ನು ಪತ್ರಿಕೆಯಲ್ಲಿ ನೋಡದ ರೈತರು ನಮ್ಮ ಕಡೆ ಕಡಿಮೆ. ಒಳಹರಿವು ಜೋರಾಗಿದ್ದರೆ ಅಷ್ಟು ತುಂಬುವ ಮೊದಲೇ ಗೇಟ್ ತೆರೆಯುತ್ತಾರೆ. “ಹಾಗಾದರೆ ಇದು ಗೇಟ್ ತೆರೆಯುವ ಮಟ್ಟ” ಎಂದು ಭಾವ ತಾವೇ ಹೇಳಿದರು. ಕರಪತ್ರ ಎರಡು ಪುಟಗಳಲ್ಲಿ ಹೇಳಲಾಗದ್ದನ್ನು ಅವರು ಐದು ಪದಗಳಲ್ಲಿ ಹೇಳಿದರು ಎಂದು ನನಗೆ ಅನ್ನಿಸಿತು.

ಆದರೆ ಅರ್ಥವಾದ ಮೇಲೂ ಅವರು ಕಾಯಲು ಒಪ್ಪಲಿಲ್ಲ. ಅದಕ್ಕೆ ಕಾರಣ ಅಂಗಮಾರಿ. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಕೆಲವೇ ದಿನಗಳಲ್ಲಿ ಆಲೂಗಡ್ಡೆಯ ಹೊಲ ಸುಟ್ಟಂತೆ ಕಪ್ಪಾಗುತ್ತದೆ. ಅದು ಶಿಲೀಂಧ್ರದಂಥ ಜೀವಿಯಿಂದ ಬರುವ ರೋಗ. ಬರುವ ಮೊದಲೇ ಸಿಂಪಡಿಸಬೇಕು, ಅಲ್ಲಿ ಕಾಯುವವರು ಬೆಳೆ ಕಳೆದುಕೊಳ್ಳುತ್ತಾರೆ. ಟೊಮೆಟೊದ ಕಾಯಿಕೊರಕದ ಲೆಕ್ಕ ಬೇರೆ: ಮೊಟ್ಟೆ ಹುಡುಕಬೇಕು, ಹೆಣ್ಣು ಪತಂಗದ ವಾಸನೆಯಿಂದ ಗಂಡುಗಳನ್ನು ಸೆಳೆಯುವ ಮೋಹಕ ಬಲೆಗೆ ಬಿದ್ದ ಪತಂಗಗಳನ್ನು ಎಣಿಸಬೇಕು. ಆದರೆ ನಮ್ಮೂರಿನ ಮಾತಿನಲ್ಲಿ ಎರಡೂ ‘ರೋಗ’, ಎರಡಕ್ಕೂ ‘ಔಷಧಿ’. ಆಲೂಗಡ್ಡೆ ಕಲಿಸಿದ ಪಾಠವನ್ನು ಟೊಮೆಟೊಗೆ ದಾಟಿಸಿರುವುದು ಈ ಎರಡು ಪದಗಳೇ ಎಂಬುದು ನನ್ನ ಗುಮಾನಿ. ಔಷಧಿಯನ್ನೂ ಗೊಬ್ಬರವನ್ನೂ ಸಾಲಕ್ಕೆ ಕೊಡುವ ಅಂಗಡಿಯಲ್ಲಿ ಮೋಹಕ ಬಲೆ ಸಿಗುವುದಿಲ್ಲ ಎಂಬ ಕಷ್ಟವೂ ಇದೆ, ಅದನ್ನು ಪದಗಳಿಂದ ಸರಿಪಡಿಸಲಾಗದು.

ಔಷಧಿ ಎಂಬ ಪದವೇ ನನ್ನನ್ನು ಕಾಡುತ್ತಿದೆ. ಸಂಸ್ಕೃತದ ‘ಓಷಧಿ’ ಎಂದರೆ ಫಲ ಮಾಗಿದ ಮೇಲೆ ಸಾಯುವ ಗಿಡ. ಆ ಲೆಕ್ಕದಲ್ಲಿ ನಮ್ಮ ಟೊಮೆಟೊ ಗಿಡವೇ ಓಷಧಿ. ಅದರಿಂದ ‘ಔಷಧ’ ಹುಟ್ಟಿತು. ಈಗ ಅದೇ ಹೆಸರು ಕೆಂಪು ತ್ರಿಕೋನ ಮುದ್ರಿಸಿದ, ‘ವಿಷ’ ಎಂದು ಬರೆದ ಡಬ್ಬಿಗೆ ಸಲ್ಲುತ್ತಿದೆ. ಮಗುವಿಗೆ ಜ್ವರ ಬಂದಾಗ ಔಷಧಿ ಕೊಡದಿರುವುದು ತಪ್ಪಾದರೆ, ಗಿಡದಲ್ಲಿ ಹುಳ ಕಂಡಾಗ ಹೊಡೆಯದಿರುವುದೂ ತಪ್ಪೆನಿಸುವುದು ಸಹಜವಲ್ಲವೇ? ಚಿಕ್ಕಮಗಳೂರಿನ ಮಲೆನಾಡಿನ ಕಡೆ ಅಡಿಕೆಗೆ ‘ಮದ್ದು ಹೊಡೆಯುತ್ತಾರೆ’. ಆ ಪದ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ವಾಸಿ ಮಾಡುವುದೂ ಮದ್ದು, ಬಂದೂಕಿಗೆ ತುಂಬುವುದೂ ಮದ್ದು. ಕೈಮದ್ದಿನ ಭಯವಂತೂ ಎಲ್ಲರಿಗೂ ಗೊತ್ತು. ಅಳತೆ ತಪ್ಪಬಾರದೆಂಬ ಎಚ್ಚರ ಆ ಪದದೊಳಗೇ ಇದೆ.

ಒಳ್ಳೆಯ ಪದ ತಾನಾಗಿಯೇ ಕೆಲಸ ಮಾಡುವುದನ್ನೂ ಅಂದೇ ಕಂಡೆ. ಎಲೆಕೋಸಿನ 25 ಸಾಲಿಗೆ ಎರಡು ಸಾಲು ಸಾಸಿವೆ ಹಾಕಿ ಕೋಸಿನ ಎಲೆ ತಿನ್ನುವ ಹುಳುವಿನ ತಾಯಿಯಾದ ವಜ್ರಬೆನ್ನಿನ ಪತಂಗವನ್ನು ಅತ್ತ ಸೆಳೆಯುವ ಕ್ರಮವನ್ನು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದಾರೆ. ಕರಪತ್ರ ಅದನ್ನು ‘ಆಕರ್ಷಕ ಬೆಳೆ’ ಎಂದಿತ್ತು. ಭಾವ ಅದನ್ನು ನೋಡಲು ಚೆಂದವಾದ ಬೆಳೆ ಎಂದುಕೊಂಡರು. ‘ಬಲೆ ಬೆಳೆ’ ಎಂದೊಡನೆ ಮುಂದೆ ವಿವರಿಸಬೇಕಾಗಲಿಲ್ಲ.

ಈಗ ನನ್ನ ಪ್ರಶ್ನೆ. ಆ ಎರಡನೆಯ, ಕೆಳಗಿನ ಸಂಖ್ಯೆಗೆ ‘ಹೊಸ್ತಿಲು’ ಎಂದು ಯೋಚಿಸಿದೆ. ಆದರೆ ಹೊಸ್ತಿಲು ಒಳಗೆ ಬರುವುದಕ್ಕೆ ಸಂಬಂಧಿಸಿದ್ದು, ಹುಳ ಆಗಲೇ ಹೊಲದಲ್ಲಿದೆ; ಜೊತೆಗೆ ನಾವು ಅರಿಸಿನ ಕುಂಕುಮ ಇಡುವ ಜಾಗವದು. ‘ಎಚ್ಚರಿಕೆ ಮಟ್ಟ’ ಎಂದರೆ ಎಚ್ಚರವಾಗಿದ್ದರೆ ಸಾಕು ಎಂದಾಗುತ್ತದೆ. ‘ಮದ್ದಿನ ಗೆರೆ’ ನನಗೆ ಇಷ್ಟ, ಆದರೆ ಹುಳುಗಳನ್ನು ಕೈಯಿಂದ ಆರಿಸಿ ತೆಗೆಯುವುದೂ ಕ್ರಮವೇ ಆದ್ದರಿಂದ ಅದು ಕಿರಿದಾಯಿತು. ಬೇಲೂರು, ಅರಕಲಗೂಡು, ಕಡೂರಿನ ಕಡೆ ತರಕಾರಿ ಬೆಳೆಯುವವರು ‘ಇಷ್ಟಾದರೆ ಇನ್ನು ಬಿಡಬಾರದು’ ಎಂಬುದಕ್ಕೆ ಏನಾದರೂ ಮಾತು ಬಳಸುತ್ತಾರೆಯೇ? ನೆರೆಗೆ, ಸಾಲಕ್ಕೆ, ದನದ ಕಾಯಿಲೆಗೆ ಬಳಸುವ ಮಾತಾದರೂ ಸರಿ, ಬಳಸುವ ವಾಕ್ಯದ ಸಮೇತ ತಿಳಿಸಿ.